ಮೊದಲು ಬಲತೋಳು

ಅಪ್ಪನಿಗೆ ತೋಳಿನ ಬನಿಯನ್ ಹಾಕಿಸುವುದು ನಮ್ಮನೆಯಲ್ಲಿ ಮೂರು ಜನರ ಕೆಲಸವಾಗಿತ್ತು. ಅಮ್ಮ ಅವರ ಬೆನ್ನಿಗೆ ಆಸರೆಯಾಗಿ ಕೂರುತ್ತಿದ್ದಳು. ತಮ್ಮ ಎಡಗೈ ತೂರಿಸಿ, ತಲೆ ದಾಟಿಸುತ್ತಿದ್ದ. ಕೊನೆಗೆ ಉಳಿಯುತ್ತಿದ್ದುದು ಬಲಗೈ, ಸ್ಟ್ರೋಕ್‌ನಲ್ಲಿ ಬಿದ್ದುಹೋದ ಕೈ. ಅದು ನನ್ನ ಪಾಲು. ಮಣಿಕಟ್ಟು ಹಿಡಿದು ಮೇಲಕ್ಕೆತ್ತಿ, ಬಿಗಿಯಾದ ತೋಳಿನೊಳಗೆ ತೂರಿಸಿ, ಆ ಕಡೆಯಿಂದ ಎಳೆಯುತ್ತಿದ್ದೆ.

ಎತ್ತಿದ ತಕ್ಷಣ ಅಪ್ಪನ ಮುಖ ಕಿವುಚಿಕೊಳ್ಳುತ್ತಿತ್ತು. ಕಣ್ಣಲ್ಲಿ ನೀರು ತುಂಬುತ್ತಿತ್ತು. "ಅದೇ, ಅದೇ, ಅದೇ" ಅನ್ನುತ್ತಿದ್ದರು.

ಅಪ್ಪನ ಬಾಯಲ್ಲಿ ಉಳಿದಿದ್ದು ಆ ಒಂದೇ ಮಾತು. ನೀರು ಬೇಕಿದ್ದರೂ ಅದೇ. ಬಾತ್‌ರೂಮಿಗೆ ಹೋಗಬೇಕಿದ್ದರೂ ಅದೇ. ಮೊಮ್ಮಗಳು ಬಂದರೆ ಖುಷಿಗೂ ಅದೇ. ಮಿದುಳಿನ ಎಡಭಾಗಕ್ಕೆ ಪೆಟ್ಟಾದರೆ ದೇಹದ ಬಲಭಾಗ ಬೀಳುತ್ತದೆ, ಹೆಚ್ಚಿನವರಿಗೆ ಮಾತಿನ ಜಾಗವೂ ಎಡಕ್ಕೇ ಇರುವುದರಿಂದ ಮಾತೂ ಹೋಗಬಹುದು. ಇದನ್ನು ಆಸ್ಪತ್ರೆಯಲ್ಲಿ ಹೇಳಿದ್ದರು. ಸ್ಟ್ರೋಕ್ ಆದವರು ಕೆಲವು ಸಲ ಕಾರಣವಿಲ್ಲದೆ ಅಳುತ್ತಾರೆ, ಗಾಬರಿಯಾಗಬೇಡಿ ಅಂತಲೂ ಹೇಳಿದ್ದರು. ಅದೂ ನಿಜವೇ. ಹಾಗಾಗಿ ಬನಿಯನ್ ಹಾಕುವಾಗ ಅಪ್ಪ ಅತ್ತರೆ ನಾವು ಗಾಬರಿಯಾಗಲಿಲ್ಲ. ಕೈ ಹೋಯಿತಲ್ಲ ಅಂತ ಸಂಕಟಪಡುತ್ತಿದ್ದಾರೆ ಅಂದುಕೊಂಡೆವು. ಅಮ್ಮ ತಲೆ ಸವರಿ ಸಮಾಧಾನ ಮಾಡುತ್ತಿದ್ದಳು. ನಾನು ಕೈ ಎಳೆಯುತ್ತಲೇ ಇದ್ದೆ.

ಐದು ವಾರ ಹೀಗೇ ನಡೆಯಿತು. ಇದನ್ನು ಬರೆಯಲು ನನಗೆ ಒಂದೂವರೆ ವರ್ಷ ಬೇಕಾಯಿತು.

ಅಪ್ಪ ತಿಪಟೂರಿನಲ್ಲಿ ಟೈಲರ್. ಒಂದು ಮಷಿನ್, ಒಂದು ಕಟಿಂಗ್ ಟೇಬಲ್, ಗೋಡೆಯ ತುಂಬ ನೂಲಿನ ಉರುಳೆ. 36 ವರ್ಷ ಅದೇ ಅಂಗಡಿ. ಕೊಬ್ಬರಿ ವ್ಯಾಪಾರಿಗಳ ಜುಬ್ಬ, ಸ್ಕೂಲ್ ಯೂನಿಫಾರ್ಮು, ಮದುವೆಯ ಶರ್ಟು, ಎಲ್ಲ ಆ ಬಲಗೈಯಿಂದ ಹೋಗಿದ್ದು. ಶುಗರ್ ಇತ್ತು, ಬಿಪಿ ಇತ್ತು. ಮಾತ್ರೆ ನೆನಪಾದಾಗ ನುಂಗುತ್ತಿದ್ದರು. ಕಾರ್ತಿಕ ಮಾಸದ ಒಂದು ಬೆಳಿಗ್ಗೆ ಕಾಫಿ ಲೋಟ ಕೈಯಿಂದ ಜಾರಿತು. ಸುಸ್ತಿರಬೇಕು ಅಂತ ಮಲಗಿಸಿದರು. ರಕ್ತ ಹೆಪ್ಪುಗಟ್ಟಿ ಆಗುವ ಸ್ಟ್ರೋಕ್‌ಗೆ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅಪ್ಪನ ಸ್ಕ್ಯಾನ್ ಆಗುವ ಹೊತ್ತಿಗೆ ಲೋಟ ಜಾರಿ ಏಳು ಗಂಟೆಗೂ ಹೆಚ್ಚು ಹೊತ್ತು ಕಳೆದಿತ್ತು. ಆ ನೋವು ಬೇರೆ, ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ಅಪ್ಪನ ಜೀವ ಉಳಿಸಿದವರು ಅಲ್ಲಿನ ಡಾಕ್ಟರು, ನರ್ಸುಗಳು. ಆ ಋಣ ಇದ್ದೇ ಇದೆ. ಆದರೂ ಡಿಸ್ಚಾರ್ಜ್ ಹಾಳೆಯನ್ನು ಇವತ್ತಿಗೂ ತೆಗೆದು ನೋಡುತ್ತೇನೆ. ಪೂರ್ತಿ ಇಂಗ್ಲಿಷು. ಒಂಬತ್ತು ಮಾತ್ರೆಗಳ ಹೆಸರು, ಹೊತ್ತು, ಊಟಕ್ಕೆ ಮುಂಚೆಯೋ ಆಮೇಲೋ ಎಲ್ಲ ಇದೆ. ಕೊನೆಯ ಸಾಲಿನಲ್ಲಿ ಫಿಸಿಯೋಥೆರಪಿ ಮುಂದುವರಿಸಿ ಅಂತ ಇದೆ. ಅಷ್ಟೇ. ಆ ಕೈಯನ್ನು ಹೇಗೆ ಹಿಡಿಯಬೇಕು, ಹೇಗೆ ಹಿಡಿಯಬಾರದು, ರಾತ್ರಿ ಎಲ್ಲಿ ಇಡಬೇಕು ಅಂತ ಒಂದು ಅಕ್ಷರವೂ ಇಲ್ಲ. ಇಡೀ ದಿನ ಅಪ್ಪನನ್ನು ನೋಡಿಕೊಳ್ಳಬೇಕಾದ ಅಮ್ಮನಿಗೆ ಇಂಗ್ಲಿಷು ಓದಲು ಬರುವುದಿಲ್ಲ. ಬರುತ್ತಿದ್ದರೂ ಅಲ್ಲಿ ಓದುವುದಕ್ಕೆ ಏನೂ ಇರಲಿಲ್ಲ.

ಮನೆಗೆ ಬಂದ ಮೇಲೆ ಆ ಭುಜಕ್ಕೆ ಏನೇನಾಯಿತು ಅಂತ ಈಗ ಎಣಿಸಿದರೆ ಹೊಟ್ಟೆಯಲ್ಲಿ ಕಲಸಿದ ಹಾಗಾಗುತ್ತದೆ. ಆಟೋದಿಂದ ಇಳಿಸುವಾಗ ಪಕ್ಕದ ಮನೆಯವರು ಎರಡೂ ಕಂಕುಳಿಗೆ ಕೈ ಹಾಕಿ ಎತ್ತಿದರು. ಹಾಸಿಗೆಯಿಂದ ಏಳಿಸುವಾಗ ನಾವು ಎರಡೂ ಕೈ ಹಿಡಿದು ಮುಂದಕ್ಕೆ ಎಳೆಯುತ್ತಿದ್ದೆವು. ನೋಡಲು ಬಂದ ನೆಂಟರು, ಪಾಪ, ಎಳನೀರು, ಮೋಸಂಬಿ ತಂದು ಪಕ್ಕದಲ್ಲಿ ಕೂರುವರು. ಕೂತವರೇ ಬಿದ್ದ ಕೈ ಎತ್ತಿ, "ಎಲ್ಲಿ, ಸ್ವಲ್ಪ ಹಿಡ್ಕೊಳ್ಳಿ ನೋಡೋಣ" ಅಂತ ಕೈ ಬಿಡುವರು. ಅದು ದೊಪ್ಪನೆ ಬೀಳುವುದು. ಸುಮ್ನೆ ಪರೀಕ್ಷೆ. ದಿನಕ್ಕೆ ಐದಾರು ಜನ.

ಯಾರೋ ಪಾರಿವಾಳದ ರಕ್ತ ಹಚ್ಚಿ ಅಂದರು. ನಮ್ಮ ಕಡೆ ಲಕ್ವಕ್ಕೆ ಮೊದಲು ಬರುವ ಸಲಹೆ ಇದು. ಅಮ್ಮ ಒಪ್ಪಲಿಲ್ಲ, ಒಂದು ಜೀವ ತೆಗೆದು ಇನ್ನೊಂದಕ್ಕೆ ಹಚ್ಚೋದು ಬೇಡ ಅಂದಳು. ಎಣ್ಣೆ ತಿಕ್ಕುವವರು ಬಂದರು. ಎಣ್ಣೆಯಿಂದ ತೊಂದರೆ ಇರಲಿಲ್ಲ, ಬೆಚ್ಚಗಿನ ಕೈ ತಾಗಿದರೆ ಅಪ್ಪನಿಗೂ ಹಿತವಾಗುತ್ತಿತ್ತು. ಆದರೆ ಕೊನೆಗೆ ಅವರು ಕೈ ಜಗ್ಗಿ ನೆಟಿಗೆ ತೆಗೆಯುತ್ತಿದ್ದರು. ನೆಟಿಗೆ ಬಂದರೆ ನರ ಬಿಟ್ಟಿತು ಅಂತ ಲೆಕ್ಕ.

ಮಾವ ರಾಟೆ ಕಟ್ಟಿದ್ದು ಎರಡನೇ ವಾರ. ತೋಟದ ಬಾವಿಯ ಹಳೇ ರಾಟೆ. ಹಜಾರದ ತೊಲೆಗೆ ಕೊಕ್ಕೆ ಹಾಕಿ, ಹಗ್ಗ ಇಳಿಬಿಟ್ಟು, ಎರಡು ತುದಿಗೂ ಬಟ್ಟೆ ಸುತ್ತಿ ಹಿಡಿ ಮಾಡಿದ್ದರು. ಬಲಗೈಯನ್ನು ಒಂದು ಹಿಡಿಗೆ ಕಟ್ಟಿ, ಎಡಗೈಯಿಂದ ಇನ್ನೊಂದನ್ನು ಎಳೆದರೆ ಬಿದ್ದ ಕೈ ತಲೆಯ ಮೇಲಕ್ಕೆ ಹೋಗುತ್ತಿತ್ತು. ಯಾವುದೋ ವಿಡಿಯೋದಲ್ಲಿ ನೋಡಿದ್ದರಂತೆ. ಭಾನುವಾರ ಇಡೀ ಕೂತು ಮಾಡಿದ ಕೆಲಸ. ಬೆಳಿಗ್ಗೆ 50, ಸಂಜೆ 50. ಅಪ್ಪ ಎರಡು ವಾರ ಮಾಡಿದರು. ಆಮೇಲೆ ರಾಟೆ ಕಂಡರೆ ಮುಖ ತಿರುಗಿಸತೊಡಗಿದರು. ನಾವು ಅದನ್ನು ಹಠ ಅಂದೆವು. "ಮನಸ್ಸು ಮಾಡಬೇಕಪ್ಪ" ಅಂತ ನಾನೇ ಎಷ್ಟು ಸಲ ಹೇಳಿದ್ದೇನೋ.

ಐದನೇ ವಾರ ಒಬ್ಬ ಫಿಸಿಯೋಥೆರಪಿಸ್ಟ್ ಮನೆಗೆ ಬಂದರು. ಇಪ್ಪತ್ತಾರು, ಇಪ್ಪತ್ತೇಳರ ಹುಡುಗಿ. ಬಂದವರು ಅಪ್ಪನನ್ನು ಮುಟ್ಟಲಿಲ್ಲ. ಒಂದು ಸ್ಟೂಲ್ ಎಳೆದುಕೊಂಡು ಕೂತು, "ನೀವು ದಿನಾ ಹೇಗೆ ಮಾಡ್ತೀರೋ ಹಾಗೇ ಕುರ್ಚಿಗೆ ಕೂರಿಸಿ" ಅಂದರು. ನಾವು ಶುರು ಮಾಡಿದೆವು. ನಾನು ಬಲಗೈ ಹಿಡಿದು ಎಳೆಯುತ್ತಿದ್ದ ಹಾಗೆ, "ನಿಲ್ಲಿಸಿ, ನಿಲ್ಲಿಸಿ" ಅಂತ ಎದ್ದು ಬಂದರು. ಜೋರಾಗಿ ಹೇಳಲಿಲ್ಲ. ಆದರೂ ನನ್ನ ಕೈ ತಾನಾಗೇ ಬಿಟ್ಟಿತು.

ಆಮೇಲೆ ಅಪ್ಪನ ಅಂಗಿ ಸರಿಸಿ, ಭುಜದ ತುದಿಯ ಮೂಳೆಯನ್ನು ಮುಟ್ಟಿದರು. ಅದರ ಕೆಳಗೆ ತಮ್ಮ ತೋರುಬೆರಳು ಇಟ್ಟರು. ಬೆರಳು ಅಲ್ಲಿ ಒಳಕ್ಕೆ ಕೂತಿತು. ನನ್ನನ್ನು ಕರೆದು ನನ್ನ ಬೆರಳನ್ನೂ ಅಲ್ಲಿ ಇಡಿಸಿದರು. ಚರ್ಮದ ಕೆಳಗೆ ಒಂದು ಬೆರಳಿನ ಅಗಲದ ತಗ್ಗು. ಎಡ ಭುಜದಲ್ಲಿ ಹುಡುಕಿದೆ. ಅಲ್ಲಿ ತಗ್ಗು ಇರಲಿಲ್ಲ, ತುಂಬಿಕೊಂಡಿತ್ತು. ಮತ್ತೆ ಬಲಕ್ಕೆ ಬಂದೆ. ದಿನಾ ಸ್ನಾನ ಮಾಡಿಸುವಾಗ ಸೋಪು ಹಚ್ಚುತ್ತಿದ್ದ ಜಾಗ ಅದು. ನನ್ನ ಕಣ್ಣಿಗೆ ಒಂದು ದಿನವೂ ಬಿದ್ದಿರಲಿಲ್ಲ.

"ಕೈಯ ಭಾರಕ್ಕೆ ಕೀಲು ಜಾರಿದೆ" ಅಂದರು ಅವರು.

ಅವರು ವಿವರಿಸಿದ್ದನ್ನು ನನ್ನ ಮಾತಲ್ಲಿ ಹೇಳುತ್ತೇನೆ. ಸೊಂಟದ ಕೀಲು ಆಳವಾದ ಬಟ್ಟಲಲ್ಲಿ ಕೂತ ಚೆಂಡು. ಭುಜ ಹಾಗಲ್ಲ. ಒಂದು ಸಾಸರ್ ಅನ್ನು ನೆಟ್ಟಗೆ ನಿಲ್ಲಿಸಿ ಅದಕ್ಕೆ ನಿಂಬೆಹಣ್ಣು ಒರಗಿಸಿದರೆ ಹೇಗಿರುತ್ತೆ, ಹಾಗೆ. ತೋಳಿನ ಮೂಳೆಯ ಗುಂಡು ತಲೆಯಲ್ಲಿ ಯಾವುದೇ ಹೊತ್ತಿಗೆ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಮಾತ್ರ ಆ ಸಾಸರ್‌ಗೆ ತಾಗಿರುತ್ತದೆ. ಅದಕ್ಕೇ ನಮ್ಮ ಕೈ ಎಲ್ಲ ಕಡೆಗೂ ತಿರುಗುವುದು. ಬೆನ್ನು ಕೆರೆಯಲು, ಜಡೆ ಹೆಣೆಯಲು, ಅಟ್ಟದ ಮೇಲಿನ ಡಬ್ಬಿ ತೆಗೆಯಲು ಬರುವುದು. ಗುಂಡನ್ನು ಸಾಸರ್‌ಗೆ ಒತ್ತಿ ಹಿಡಿದಿರುವುದು ಸುತ್ತಲಿನ ನಾಲ್ಕು ಚಿಕ್ಕ ಸ್ನಾಯುಗಳು. ಟೈಲರ್ ಮಗಳಾದ ನನಗೆ ಅದು ಹೊಲಿಗೆಯ ಹಾಗೇ ಕಂಡಿತು. ತುಂಡಿಗೆ ತುಂಡು ಅಂಟಿಲ್ಲ, ಹೊಲಿಗೆ ಹಿಡಿದು ನಿಲ್ಲಿಸಿದೆ.

ಸ್ಟ್ರೋಕ್ ಆದ ಮೊದಲ ದಿನಗಳಲ್ಲಿ ಆ ಸ್ನಾಯುಗಳಿಗೆ ಮಿದುಳಿನಿಂದ ಸುದ್ದಿಯೇ ಹೋಗುವುದಿಲ್ಲ. ಅವು ಸಡಿಲ ಬೀಳುತ್ತವೆ. ಒಂದು ಕೈಯ ತೂಕ ದೇಹದ ತೂಕದಲ್ಲಿ ಸುಮಾರು 5%. ಅಪ್ಪ ಆಗ 62 ಕೆಜಿ ಇದ್ದರು. ಅಂದರೆ ಮೂರು ಕೆಜಿ ಅಕ್ಕಿ ತುಂಬಿದ ಚೀಲವನ್ನು ಸಡಿಲ ಹೊಲಿಗೆಗೆ ನೇತು ಹಾಕಿ, ಬೆಳಿಗ್ಗೆಯಿಂದ ರಾತ್ರಿವರೆಗೆ ಬಿಟ್ಟ ಹಾಗೆ. ಕೂತಾಗ, ನಿಂತಾಗ ಅದು ಕೆಳಕ್ಕೆ ಜಗ್ಗುತ್ತಲೇ ಇರುತ್ತದೆ. ಅದರ ಮೇಲೆ ನಾವು ಬೇರೆ ಜಗ್ಗುತ್ತಿದ್ದೆವು.

ಕೀಲು ಜಾರಿದ್ದರೆ ನೋವು ಇರಲೇಬೇಕು ಅಂತೇನಿಲ್ಲ. ಬೆರಳು ಹಿಡಿಸುವಷ್ಟು ತಗ್ಗಿದ್ದೂ ನೋವೇ ಇಲ್ಲದವರು ಇದ್ದಾರೆ, ತಗ್ಗಿಲ್ಲದೆ ನೋವಿನಿಂದ ನರಳುವವರೂ ಇದ್ದಾರೆ. ಆದರೆ ಹಿಡಿತ ತಪ್ಪಿದ ಕೀಲಿಗೆ ಪೆಟ್ಟಾಗುವುದು ಸುಲಭ, ಒಂದೇ ಒಂದು ಜೋರಾದ ಎಳೆತ ಸಾಕು. ಆ ಎಳೆತಗಳನ್ನು ಕೊಟ್ಟವರು ನಾವು. ಪ್ರೀತಿಯಿಂದಲೇ ಕೊಟ್ಟೆವು.

ರಾಟೆಯ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಎಷ್ಟೋ ಮನೆಗಳಲ್ಲಿ ಇವತ್ತೂ ರಾಟೆ ನೇತಾಡುತ್ತಿರುತ್ತದೆ.

ಮನೆಯಲ್ಲಿ ಯಾರಾದರೂ ಇದ್ದರೆ ಅವರ ಬೆನ್ನಿನ ರೆಕ್ಕೆ ಮೂಳೆಯ ಮೇಲೆ ಅಂಗೈ ಇಟ್ಟು ನೋಡಿ. ನಿಧಾನವಾಗಿ ಕೈ ಮೇಲೆತ್ತಲು ಹೇಳಿ. ಕೈ ಮೇಲೆ ಹೋದ ಹಾಗೆ ರೆಕ್ಕೆ ಮೂಳೆಯೂ ಪಕ್ಕಕ್ಕೆ ಜಾರಿ, ಮೇಲಕ್ಕೆ ತಿರುಗುವುದು ಅಂಗೈಗೆ ಗೊತ್ತಾಗುತ್ತದೆ. ಕೈ ಪೂರ್ತಿ ಮೇಲೆ ಹೋಗುವ 180 ಡಿಗ್ರಿಯಲ್ಲಿ ಹೆಚ್ಚುಕಡಿಮೆ 120 ಡಿಗ್ರಿ ಭುಜದ ಕೀಲಿನದು, 60 ಡಿಗ್ರಿ ರೆಕ್ಕೆ ಮೂಳೆಯದು. ಜೊತೆಗೆ ತೋಳಿನ ಮೂಳೆ ಹೊರಕ್ಕೆ ಹೊರಳಬೇಕು. ಇಷ್ಟೆಲ್ಲ ಒಟ್ಟಿಗೆ ಆದರೆ ಮಾತ್ರ ಗುಂಡು ಮೇಲಿನ ಮೂಳೆಗೆ ತಗುಲದೆ ದಾಟಿಕೊಳ್ಳುತ್ತದೆ. ಸ್ಟ್ರೋಕ್ ಆದವರಲ್ಲಿ ರೆಕ್ಕೆ ಮೂಳೆ ತಾನಾಗಿ ತಿರುಗುವುದಿಲ್ಲ, ತೋಳು ಒಳಕ್ಕೇ ಹೊರಳಿರುತ್ತದೆ. ಆಗ ಹಗ್ಗ ಹಾಕಿ ಎತ್ತಿದರೆ ಎರಡು ಮೂಳೆಗಳ ನಡುವಿನ ಮೆತ್ತನೆಯ ಭಾಗ ಬಾಗಿಲ ಸಂದಿಗೆ ಸಿಕ್ಕಿದ ಬೆರಳಿನ ಹಾಗೆ ನಜ್ಜುತ್ತದೆ. ದಿನಕ್ಕೆ ನೂರು ಸಲ.

ಅಮೆರಿಕದಲ್ಲಿ 1990ರಲ್ಲಿ ಪ್ರಕಟವಾದ ಒಂದು ಚಿಕ್ಕ ಅಧ್ಯಯನವನ್ನು ಆಮೇಲೆ ಓದಿದೆ. ಸ್ಟ್ರೋಕ್ ಆಗಿ ಒಂದು ಪಕ್ಕ ಬಿದ್ದ 28 ಜನರನ್ನು ಮೂರು ಗುಂಪು ಮಾಡಿದ್ದರು. ಒಂದು ಗುಂಪಿಗೆ ಥೆರಪಿಸ್ಟ್ ಕೈಯಿಂದಲೇ ವ್ಯಾಯಾಮ ಮಾಡಿಸಿದರು. ಇನ್ನೊಂದು ಗುಂಪು ಮೇಜಿನ ಮೇಲೆ ಚಕ್ರದ ಹಲಗೆಯಲ್ಲಿ ಕೈ ಇಟ್ಟು ಜಾರಿಸಿತು. ಮೂರನೆಯ ಗುಂಪಿಗೆ ತಲೆಯ ಮೇಲಿನ ರಾಟೆ. ಭುಜ ನೋವು ಬಂದಿದ್ದು ಮೊದಲ ಗುಂಪಿನಲ್ಲಿ 8% ಜನಕ್ಕೆ, ಎರಡನೆಯದರಲ್ಲಿ 12%, ರಾಟೆಯವರಲ್ಲಿ 62%. ಜನ ಕಡಿಮೆ, ಒಪ್ಪುತ್ತೇನೆ. ಆದರೆ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಮತ್ತು ಅಮೆರಿಕನ್ ಸ್ಟ್ರೋಕ್ ಅಸೋಸಿಯೇಷನ್ 2016ರಲ್ಲಿ ತಂದ ಮಾರ್ಗಸೂಚಿಯಲ್ಲೂ ತಲೆಯ ಮೇಲಿನ ರಾಟೆ ವ್ಯಾಯಾಮ ಬೇಡ ಅಂತಲೇ ಇದೆ. ನಮ್ಮ ತೊಲೆಗೆ ರಾಟೆ ಏರುವ ಎಷ್ಟೋ ವರ್ಷ ಮೊದಲೇ ಇದು ಗೊತ್ತಿತ್ತು. ತಿಪಟೂರಿನ ನಮ್ಮ ಹಜಾರಕ್ಕೆ ಮಾತ್ರ ಬಂದಿರಲಿಲ್ಲ.

ಮಾವನಿಗೆ ಹೇಗೆ ಹೇಳುವುದು ಅಂತ ನಾನು ಮೂರು ದಿನ ಒದ್ದಾಡಿದೆ. ಹೇಳಿದಾಗ ಅವರು ಏನೂ ಅನ್ನಲಿಲ್ಲ. ಏಣಿ ಹಾಕಿ ಕೊಕ್ಕೆ ಬಿಚ್ಚಿ, ಹಗ್ಗವನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೋದರು. ಒಂದು ವಾರ ನಮ್ಮ ಮನೆ ಕಡೆ ಬರಲಿಲ್ಲ. ಆಮೇಲೆ ಬಂದವರು ಅಪ್ಪನ ಎಡಗೈ ಹಿಡಿದುಕೊಂಡು ಸುಮಾರು ಹೊತ್ತು ಕೂತಿದ್ದರು.

ನೋವು ಎಷ್ಟಿದೆ ಅಂತ ಅಪ್ಪನನ್ನು ಮೊದಲು ಕೇಳಿದ್ದೂ ಆ ಫಿಸಿಯೋ ಮೇಡಮ್ಮೇ. ಮಾತು ಬಾರದವರನ್ನು ಹೇಗೆ ಕೇಳುತ್ತೀರಿ ಅಂದೆ. ಅವರು ಒಂದು ಹಾಳೆಯಲ್ಲಿ ನೆಟ್ಟಗೆ ಮೇಲಿಂದ ಕೆಳಕ್ಕೆ ಗೆರೆ ಎಳೆದರು. ಕೆಳಗೆ ನಗುವ ಮುಖ, ಮೇಲೆ ಅಳುವ ಮುಖ, ನಡುವೆ ಮೂರ್ನಾಲ್ಕು. ತಮ್ಮ ಭುಜ ಮುಟ್ಟಿಕೊಂಡು, ಮುಖ ಕಿವುಚಿ ತೋರಿಸಿ, ಹಾಳೆಯನ್ನು ಅಪ್ಪನ ಮುಂದೆ ಹಿಡಿದರು. ಅಪ್ಪ ಒಂದು ಕ್ಷಣ ಅದನ್ನು ನೋಡಿದರು. ಎಡಗೈಯ ಬೆರಳನ್ನು ತಂದು ಮೇಲಿನಿಂದ ಎರಡನೇ ಮುಖದ ಮೇಲೆ ಇಟ್ಟರು. ಅಷ್ಟಕ್ಕೇ ಬಿಡಲಿಲ್ಲ. ಬೆರಳನ್ನು ಕಿಟಕಿಯ ಕಡೆ ತೋರಿಸಿ, ಕಣ್ಣು ಮುಚ್ಚಿ ತಲೆ ವಾಲಿಸಿದರು. ಮತ್ತೆ ಹಾಳೆಗೆ ಬಂದು ತುತ್ತತುದಿಯ ಮುಖವನ್ನು ಒತ್ತಿ ಹಿಡಿದರು. "ಅದೇ" ಅಂದರು.

ರಾತ್ರಿ ಇನ್ನೂ ಜಾಸ್ತಿ. ಹಾಗಂತ ಅರ್ಥ.

ನಾನು ಎದ್ದು ಅಡುಗೆಮನೆಗೆ ಹೋದೆ. ಅಲ್ಲಿ ಅಮ್ಮ ಮೊದಲೇ ನಿಂತಿದ್ದಳು.

ಸ್ಟ್ರೋಕ್ ಆದವರಲ್ಲಿ ಎಷ್ಟು ಜನಕ್ಕೆ ಭುಜ ನೋವು ಬರುತ್ತದೆ ಅಂತ ಹುಡುಕಿದರೆ 5% ಅಂತಲೂ ಸಿಗುತ್ತದೆ, 84% ಅಂತಲೂ ಸಿಗುತ್ತದೆ. ಯಾರನ್ನು, ಯಾವಾಗ, ಹೇಗೆ ಕೇಳಿದರು ಅನ್ನುವುದರ ಮೇಲೆ ಲೆಕ್ಕ ಬದಲಾಗುತ್ತದೆ. ಮಾತು ಹೋದವರನ್ನು ಎಷ್ಟೋ ಅಧ್ಯಯನಗಳು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದನ್ನು ಓದಿದಾಗ ನನಗೆ ಅಪ್ಪನ ಬೆರಳೇ ನೆನಪಾಯಿತು. ಕೇಳಿದ್ದರೆ ಹೇಳುತ್ತಿದ್ದರು ಅಲ್ವಾ.

ನೋವಿಗೆ ಕಾರಣ ಒಂದೇ ಇರುವುದಿಲ್ಲ ಅನ್ನುವುದು ನನಗೆ ತಡವಾಗಿ ತಿಳಿಯಿತು. ಮೊದಲು ಸಡಿಲ ಬಿದ್ದ ಸ್ನಾಯುಗಳು ವಾರಗಳು ಕಳೆದ ಹಾಗೆ ಬಿಗಿಯತೊಡಗುತ್ತವೆ. ಎದೆಯ ಸ್ನಾಯು, ರೆಕ್ಕೆ ಮೂಳೆಯ ಒಳಮೈಯ ಸ್ನಾಯು ತೋಳನ್ನು ಮೈಗೆ ಎಳೆದುಕೊಳ್ಳುತ್ತವೆ. ಕೈ ಹೊಟ್ಟೆಗೆ ಅಂಟಿ ಕೂರುತ್ತದೆ. ಜೊತೆಗೆ ಕೀಲಿನ ಸುತ್ತಲಿನ ಚೀಲ ದಪ್ಪವಾಗಿ ಕುಗ್ಗಿ ಭುಜ ಹೆಪ್ಪುಗಟ್ಟಿದ ಹಾಗಾಗುತ್ತದೆ, ಫ್ರೋಜನ್ ಶೋಲ್ಡರ್ ಅನ್ನುತ್ತಾರಲ್ಲ ಅದು. ಶುಗರ್ ಇದ್ದವರಿಗೆ ಸ್ಟ್ರೋಕ್ ಆಗದಿದ್ದರೂ ಅದು ಬರುವುದು ಜಾಸ್ತಿ. ಅಪ್ಪನಿಗೆ ಎರಡೂ ಇತ್ತು. ಕೆಲವರಿಗೆ ಭುಜದ ಜೊತೆಗೆ ಅಂಗೈ, ಬೆರಳು ಊದಿ, ಚರ್ಮ ಮಿರುಗಿ, ಮುಟ್ಟಿದರೆ ಚೀರುವಷ್ಟು ನೋವಾಗುತ್ತದೆ. ಅದು ಬೇರೆಯೇ ತೊಂದರೆ, ಕಂಡ ತಕ್ಷಣ ಡಾಕ್ಟರ ಹತ್ತಿರ ಓಡಬೇಕು. ಇನ್ನು ಕೆಲವರಿಗೆ ಭುಜದಲ್ಲಿ ಏನೂ ಆಗಿರುವುದಿಲ್ಲ, ನೋವು ಹುಟ್ಟುವುದೇ ಪೆಟ್ಟು ತಿಂದ ಮಿದುಳಿನಲ್ಲಿ. ಫ್ರಾನ್ಸಿನ ದೆಜೆರಿನ್ ಮತ್ತು ರೂಸಿ ಎಂಬ ಇಬ್ಬರು ವೈದ್ಯರು 1906ರಲ್ಲೇ ಇಂಥ ನೋವಿನ ಬಗ್ಗೆ ಬರೆದಿದ್ದರು. ಯಾವ ನೋವು ಅಂತ ನೋಡದೆ ಒಂದೇ ಮಾತ್ರೆ, ಒಂದೇ ಮುಲಾಮು ಅಂತ ಹೋದರೆ ಪ್ರಯೋಜನ ಇಲ್ಲ. ನಾವು ನಾಲ್ಕು ಥರದ ಮುಲಾಮು ಖಾಲಿ ಮಾಡಿದ್ದೆವು.

ಅಪ್ಪನಿಗೆ ಪುನರ್ವಸತಿ ವಿಭಾಗದ ಡಾಕ್ಟರು ಕೀಲಿನೊಳಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. ಕೆಲವು ದಿನ ಶುಗರ್ ಏರುತ್ತದೆ, ದಿನಾ ನೋಡಿಕೊಳ್ಳಿ ಅಂತ ಮೊದಲೇ ಹೇಳಿದ್ದರು. ಏರಿತು, ಇಳಿಯಿತು. ಬಿಗಿದ ಸ್ನಾಯುಗಳಿಗೆ ಬೊಟುಲಿನಮ್ ಟಾಕ್ಸಿನ್ ಚುಚ್ಚುವುದೂ ಇದೆ, ಭುಜದ ನರಕ್ಕೆ ಮರಗಟ್ಟಿಸುವ ಮದ್ದು ಕೊಡುವುದೂ ಇದೆ. ಅಪ್ಪನಿಗೆ ಅವು ಬೇಕಾಗಲಿಲ್ಲ. ಇಂಜೆಕ್ಷನ್ ಆದ ನಾಲ್ಕನೇ ರಾತ್ರಿ ಅಪ್ಪ ಬೆಳಗಿನವರೆಗೆ ನಿದ್ದೆ ಮಾಡಿದರು. ಅಮ್ಮ ಎರಡು ಸಲ ಎದ್ದು ಉಸಿರಾಡುತ್ತಿದ್ದಾರಾ ಅಂತ ನೋಡಿದಳಂತೆ.

ಆದರೆ ಹೆಚ್ಚು ಫಲ ಕೊಟ್ಟಿದ್ದು ದಿಂಬುಗಳು ಅಂತ ನನಗೆ ಅನಿಸುತ್ತದೆ. ಕೂತಾಗ ಮಡಿಲ ಮೇಲೆ ದಿಂಬು, ಅದರ ಮೇಲೆ ಮೊಣಕೈಯಿಂದ ಬೆರಳಿನವರೆಗೆ ಪೂರ್ತಿ ಕೈ. ಮೂರು ಕೆಜಿಯ ಚೀಲವನ್ನು ಮೇಜಿನ ಮೇಲೆ ಇಟ್ಟ ಹಾಗೆ. ಅಂಗಾತ ಮಲಗಿದಾಗ ರೆಕ್ಕೆ ಮೂಳೆಯ ಕೆಳಗೆ ತೆಳ್ಳನೆಯ ದಿಂಬು, ಭುಜ ಹಿಂದಕ್ಕೆ ಬೀಳದ ಹಾಗೆ. ಬಿದ್ದ ಪಕ್ಕಕ್ಕೂ ಮಲಗಿಸಬಹುದು ಅಂದಾಗ ಅಮ್ಮ ನಂಬಲೇ ಇಲ್ಲ. ಮಲಗಿಸಬಹುದು, ಭುಜವನ್ನು ಮೈಯ ಕೆಳಗೆ ಸಿಕ್ಕಿಸದೆ ಮೆಲ್ಲಗೆ ಮುಂದಕ್ಕೆ ತಂದುಕೊಳ್ಳಬೇಕು ಅಷ್ಟೇ. ಮೆಡಿಕಲ್ ಶಾಪಿನಿಂದ ತಂದ ಕೈಜೋಳಿಗೆಯನ್ನು ನಾವು ಬೆಳಿಗ್ಗೆ ಕಟ್ಟಿದರೆ ರಾತ್ರಿ ಬಿಚ್ಚುತ್ತಿದ್ದೆವು. ನಡೆಯುವಾಗ, ಎದ್ದು ಕೂರುವಾಗ ಮಾತ್ರ ಸಾಕು, ಇಡೀ ದಿನ ಮಡಚಿಟ್ಟರೆ ಮಡಚಿದ ಹಾಗೇ ಬಿಗಿಯುತ್ತದೆ ಅಂದರು. ವ್ಯಾಯಾಮದಲ್ಲಿ ಕೈಯನ್ನು ಆಗಿನ ಮಟ್ಟಿಗೆ ಭುಜದ ಎತ್ತರಕ್ಕಿಂತ ಮೇಲೆ ಒಯ್ಯುವ ಹಾಗಿರಲಿಲ್ಲ. ಅದೂ ಒಂದು ಕೈ ರೆಕ್ಕೆ ಮೂಳೆಯ ಮೇಲಿಟ್ಟು, ಅದನ್ನು ಜೊತೆಗೆ ತಿರುಗಿಸುತ್ತ. ತಮ್ಮ ಅದನ್ನು ನನಗಿಂತ ಚೆನ್ನಾಗಿ ಕಲಿತ. ಅವನ ಅಂಗೈ ದೊಡ್ಡದು, ರೆಕ್ಕೆ ಮೂಳೆ ಪೂರ್ತಿ ಹಿಡಿಸುತ್ತದೆ.

ಇದೆಲ್ಲ ಅಪ್ಪನ ಭುಜಕ್ಕೆ ಹೇಳಿದ್ದು. ಬೇರೆಯವರ ಭುಜವನ್ನು ನೋಡಿಯೇ ಹೇಳಬೇಕು.

ಬಟ್ಟೆಯ ವಿಷಯ ಉಳಿಯಿತು. ಬಿದ್ದ ಕೈ ಮೊದಲು ಒಳಗೆ, ಬಿಚ್ಚುವಾಗ ಕೊನೆಗೆ ಹೊರಗೆ. ಇಷ್ಟೇ ಸೂತ್ರ. ಕೈಯನ್ನು ಎತ್ತಬೇಕಾಗಿಯೇ ಇಲ್ಲ, ಮಡಿಲ ಮೇಲಿದ್ದ ಹಾಗೇ ತೋಳನ್ನು ಅದರ ಮೇಲೆ ಏರಿಸಿಕೊಂಡು ಹೋಗಬೇಕು. ನಾವು ಐದು ವಾರ ತಿರುಗಾಮುರುಗಾ ಮಾಡಿದ್ದೆವು. ಬನಿಯನ್ ಬಿಟ್ಟು ಮುಂದೆ ತೆರೆಯುವ ಶರ್ಟಿಗೆ ಬಂದೆವು. ಆದರೂ ಕಂಕುಳ ಹತ್ತಿರ ಬಿಗಿಯಾಗುತ್ತಿತ್ತು. ಅಪ್ಪ ಹೊಲಿದ ಶರ್ಟುಗಳಲ್ಲವೇ, ಅಳತೆಗೆ ಸರಿಯಾಗಿ ಕೂರುವಂಥವು.

ಒಂದು ಮಧ್ಯಾಹ್ನ ಅಮ್ಮ ಒಂದು ಹಳೇ ಶರ್ಟು ಹಿಡಿದುಕೊಂಡು ಅಪ್ಪನ ಎದುರು ಕೂತಳು. ಬಲತೋಳು ಕೂಡುವ ಜಾಗದ ಹೊಲಿಗೆ ಬಿಚ್ಚಿದ್ದಳು. ಎಲ್ಲಿ, ಎಷ್ಟು ಬಟ್ಟೆ ಕೊಡಲಿ ಅಂತ ಕೇಳಿದಳು. ಅಪ್ಪ ಸುಮ್ಮನೆ ನೋಡುತ್ತಿದ್ದರು. ಅಮ್ಮ ಡಬ್ಬಿಯಿಂದ ಚಾಕ್ ತೆಗೆದು ಅವರ ಎಡಗೈಗೆ ಕೊಟ್ಟಳು. ಅಪ್ಪ ಶರ್ಟನ್ನು ಮಡಿಲ ದಿಂಬಿನ ಮೇಲೆ, ಬಿದ್ದ ಕೈಯ ಪಕ್ಕದಲ್ಲಿ ಹರಡಿಕೊಂಡರು. ಎಡಗೈ ಗೆರೆ ನಡುಗಿತು, ಸೊಟ್ಟಗಾಯಿತು. ಉಜ್ಜಿ ಅಳಿಸಿದರು. ಮತ್ತೆ ಎಳೆದರು. ಕಂಕುಳಿನಿಂದ ಪಕ್ಕೆಯ ಕೆಳಗಿನವರೆಗೆ ಒಂದು ಗೆರೆ, ಅದರ ಬುಡದಲ್ಲಿ ಒಂದು ತ್ರಿಕೋನ. ಅಲ್ಲಿ ಒಂದು ತುಂಡು ಸೇರಿಸಬೇಕು ಅಂತ. ಮಷಿನ್ ತುಳಿದವಳು ಅಮ್ಮ. ಈಗ ಅಪ್ಪನ ಏಳು ಶರ್ಟಿಗೂ ಆ ತ್ರಿಕೋನ ಇದೆ. ಹೊರಗಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ.

ನಾನು ಮಾಡಿದ್ದು ಒಂದು ಹಾಳೆ ಬರೆದಿದ್ದು. ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ, ಮಂಚದ ಮೇಲಿನ ಗೋಡೆಗೆ ಅಂಟಿಸಿದೆ. ಬಲಗೈ ಎಳೆಯಬೇಡಿ. ಕಂಕುಳಿಗೆ ಕೈ ಹಾಕಿ ಎತ್ತಬೇಡಿ. ಎತ್ತಿ ಬಿಟ್ಟು ನೋಡಬೇಡಿ. ನೋವಿದೆಯಾ ಅಂತ ಅವರನ್ನೇ ಕೇಳಿ. ನಾಲ್ಕು ಸಾಲು. ಡಿಸ್ಚಾರ್ಜ್ ಆಗುವ ದಿನ ಇಂಥ ಒಂದು ಹಾಳೆ ಪ್ರತಿಯೊಬ್ಬರ ಕೈಗೂ ಅವರ ಭಾಷೆಯಲ್ಲಿ ಬರಬೇಕು. ಮಾತ್ರೆ ಚೀಟಿಗೆ ಇರುವಷ್ಟೇ ಬೆಲೆ ಅದಕ್ಕೂ ಇರಬೇಕು. ಕೊಡುವ ಮೊದಲು ಒಂದು ಸಲ, ಮನೆಯವರ ಕೈಯಲ್ಲೇ ರೋಗಿಯನ್ನು ಹಾಸಿಗೆಯಿಂದ ಏಳಿಸಿ ನೋಡಬೇಕು. ಹತ್ತು ನಿಮಿಷದ ಕೆಲಸ. ವಾರ್ಡುಗಳಲ್ಲಿ ಜನ ಎಷ್ಟು ತುಂಬಿರುತ್ತಾರೆ, ಇರುವ ಫಿಸಿಯೋಗಳು ಎಷ್ಟು ಓಡುತ್ತಿರುತ್ತಾರೆ ಅಂತ ಹನ್ನೊಂದು ದಿನ ಕಣ್ಣಾರೆ ನೋಡಿದ್ದೇನೆ. ಆದರೂ ಆ ಹತ್ತು ನಿಮಿಷವನ್ನು ಕೇಳುತ್ತೇನೆ. ನಮಗೆ ಅದು ಸಿಕ್ಕಿದ್ದರೆ ಅಪ್ಪ ಐದು ವಾರ ಒಬ್ಬರೇ ಆ ರಾತ್ರಿಗಳನ್ನು ಕಳೆಯಬೇಕಾಗಿರಲಿಲ್ಲ.

ಭುಜ ಪೂರ್ತಿ ವಾಸಿಯಾಗಿಲ್ಲ. ಕೈ ಪಕ್ಕಕ್ಕೆ ಅರ್ಧದಷ್ಟೇ ಹೋಗುತ್ತದೆ, ಹೊರಕ್ಕೆ ಹೊರಳಿಸಿದರೆ ಇನ್ನೂ ಹಿಡಿಯುತ್ತದೆ. ಹಾಳೆಯ ಮೇಲೆ ಅಪ್ಪನ ಬೆರಳು ಈಗ ಹೆಚ್ಚಿನ ದಿನ ಕೆಳಗಿನಿಂದ ಎರಡನೇ ಮುಖಕ್ಕೆ ಹೋಗುತ್ತದೆ. ಚಳಿಯಲ್ಲಿ ಒಂದು ಮೆಟ್ಟಿಲು ಏರುತ್ತದೆ. ತಗ್ಗು ಸಣ್ಣದಾಗಿದೆ. ಮಾತಿಗೆ ಇನ್ನೆರಡು ಪದ ಸೇರಿವೆ, "ಬೇಡ" ಮತ್ತು ಅಮ್ಮನ ಹೆಸರು.

ಹೋದ ಭಾನುವಾರ ಊರಿಗೆ ಹೋಗಿದ್ದೆ. ಸ್ನಾನ ಮುಗಿಸಿ ಅಪ್ಪ ಮಂಚದ ಮೇಲೆ ಕೂತಿದ್ದರು. ನಾನು ಶರ್ಟು ಕೊಡವಿ, ಬಲತೋಳನ್ನು ಬೊಗಸೆಯಲ್ಲಿ ಸೇರಿಸಿ ಹಿಡಿದುಕೊಂಡು ಬಗ್ಗಿದೆ. ಅಷ್ಟರಲ್ಲಿ ಅಪ್ಪ ಎಡಗೈಯಿಂದ ಬಲ ಮಣಿಕಟ್ಟನ್ನು ಕೆಳಗಿನಿಂದ ಆನಿಸಿ, ದಿಂಬಿನ ಮೇಲೆ ಜಾರಿಸುತ್ತ ತಂದು, ತೋಳಿನ ಬಾಯಿಗೆ ತಾವೇ ಇಟ್ಟರು. ನಾನು ಮೊಣಕೈ ದಾಟಿಸಿ ಭುಜದವರೆಗೆ ಏರಿಸಿದೆ. ಮುಖ ನೋಡಿದೆ. ಕಿವುಚಿರಲಿಲ್ಲ. ಅಷ್ಟು ಹೊತ್ತಿಗೆ ಬೀದಿ ಕೊನೆಯ ಮನೆಯವರು ಮಾತಾಡಿಸಲು ಬಂದು, ಏಳಿಸೋಕೆ ಕೈ ಕೊಡ್ಲಾ ಅಂತ ಅಪ್ಪನ ಬಲಗಡೆಗೆ ನಡೆದರು. ಅಡುಗೆಮನೆಯಿಂದಲೇ ಅಮ್ಮ ಕೂಗಿದಳು, "ಅಲ್ಲಿ ಬೇಡ ಕಣ್ರೀ, ಸೊಂಟದ ಹತ್ರ ಹಿಡ್ಕೊಳ್ಳಿ."